ಮುದ್ದೆ ಮುರಿದು ಬಂದರೆ ಬುದ್ಧಿ ಬರುತ್ತಾ? ಜೈಲು, ಪ್ರೊಬೇಷನ್ ಮತ್ತು ಒಂದು ಉದ್ಯೋಗ

ಪ್ರೊಬೇಷನ್ ಅಂದ ಕೂಡಲೇ ಇಲ್ಲಿ ಕೂತಿರೋ ಮುಕ್ಕಾಲು ಜನಕ್ಕೆ ನೆನಪಾಗೋದು ಆಫರ್ ಲೆಟರ್. ಮೊದಲ ಆರು ತಿಂಗಳು ಪ್ರೊಬೇಷನ್, ಆಮೇಲೆ ಕನ್ಫರ್ಮೇಷನ್. ನಾನು ಇವತ್ತು ಹೇಳ್ತಿರೋದು ಕೋರ್ಟು ಕೊಡೋ ಪ್ರೊಬೇಷನ್ ಬಗ್ಗೆ. ಕನ್ನಡದಲ್ಲಿ ಪರಿವೀಕ್ಷಣೆ ಅಂತಾರೆ. ಅಪರಾಧ ಸಾಬೀತಾಗಿರುತ್ತೆ, ಆದರೆ ಜಡ್ಜ್ ಜೈಲಿಗೆ ಕಳಿಸೋದಿಲ್ಲ. ಸನ್ನಡತೆಯಿಂದ ಇರ್ತೀನಿ ಅಂತ ಮುಚ್ಚಳಿಕೆ ಬರೆಸಿಕೊಂಡು ಮನೆಗೆ ಬಿಡ್ತಾರೆ. ಬೇಕಿದ್ದರೆ ಪರಿವೀಕ್ಷಣಾಧಿಕಾರಿ ಒಬ್ಬರು ಕಣ್ಣಿಟ್ಟಿರ್ತಾರೆ. ಷರತ್ತು ಮುರಿದರೆ ಹಳೇ ಅಪರಾಧಕ್ಕೇ ಶಿಕ್ಷೆ ಕೊಡಬಹುದು.

ಈ ವಿಷಯ ಎತ್ತಿದರೆ ಬರೋ ಮಾತು ಒಂದೇ: "ಹಾಗೇ ಬಿಟ್ಟುಬಿಟ್ರೆ ಬುದ್ಧಿ ಬರೋದು ಹೇಗೆ? ನಾಲ್ಕು ದಿನ ಮುದ್ದೆ ಮುರಿದು ಬರಲಿ." ಸರಿ. ಮುದ್ದೆ ಮುರಿದು ಬಂದವನಿಗೆ ಬುದ್ಧಿ ಬರುತ್ತಾ? ಅಳೆದು ನೋಡಿದವರಿದ್ದಾರೆ.

ಅಳೆಯೋದು ಸುಲಭವಲ್ಲ. ಜೈಲಿಂದ ಬಂದವರಲ್ಲಿ ಎಷ್ಟು ಜನ ಮತ್ತೆ ಸಿಕ್ಕಿಬಿದ್ದರು, ಪ್ರೊಬೇಷನ್ ಸಿಕ್ಕವರಲ್ಲಿ ಎಷ್ಟು ಅಂತ ಪಕ್ಕಪಕ್ಕ ಇಟ್ಟರೆ ಸಾಮಾನ್ಯವಾಗಿ ಪ್ರೊಬೇಷನ್ನೇ ಗೆಲ್ಲುತ್ತೆ. ಆದರೆ ಅದು ಮೋಸದ ಹೋಲಿಕೆ. ಜಡ್ಜ್ ಮೊದಲೇ ಸೋಸಿರ್ತಾರೆ: ಹಳೇ ಕೇಸುಗಳಿರೋನು ಜೈಲಿಗೆ, ಮೊದಲ ಸಲ ಎಡವಿದ ಹುಡುಗ ಮನೆಗೆ. ಎ/ಬಿ ಟೆಸ್ಟ್ ಮಾಡಿರೋ ನಿಮಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಒಳ್ಳೇ ಗ್ರಾಹಕರನ್ನೆಲ್ಲ ಒಂದೇ ಕಡೆ ತುಂಬಿ, ನಮ್ಮ ಹೊಸ ಫೀಚರ್ ಗೆದ್ದಿತು ಅಂದ ಹಾಗೆ.

ಹಾಗಂತ ಮನುಷ್ಯರನ್ನ ಚೀಟಿ ಎತ್ತಿ ಜೈಲಿಗೆ ಹಾಕೋಕಾಗುತ್ತಾ? ಆಗಲ್ಲ. ಆದರೆ ಕೆಲವು ಕೋರ್ಟುಗಳಲ್ಲಿ ಯಾವ ಕೇಸು ಯಾವ ಜಡ್ಜ್ ಹತ್ತಿರ ಹೋಗುತ್ತೆ ಅನ್ನೋದು ಚೀಟಿ ಎತ್ತಿದ ಹಾಗೇ ತೀರ್ಮಾನ ಆಗುತ್ತೆ, ನಮ್ಮ ಲೋಡ್ ಬ್ಯಾಲೆನ್ಸರ್ ಥರ. ಒಬ್ಬ ಜಡ್ಜ್ ಬಿಗಿ, ಇನ್ನೊಬ್ಬರು ಮೆದು. ಆರೋಪಿಗಳ ಗುಂಪು ಒಂದೇ ಥರದ್ದು, ಬೇರೆಯಾಗಿರೋದು ಜಡ್ಜ್ ಮಾತ್ರ. ಟೆಸ್ಟ್ ತಾನಾಗೇ ಆಗಿಬಿಟ್ಟಿದೆ!

ಡೊನಾಲ್ಡ್ ಗ್ರೀನ್ ಮತ್ತು ಡೇನಿಯಲ್ ವಿನಿಕ್ ಇದನ್ನೇ ಬಳಸಿ, 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ವಾಷಿಂಗ್ಟನ್ ಡಿ.ಸಿ.ಯ 1,003 ಡ್ರಗ್ಸ್ ಆರೋಪಿಗಳನ್ನ ನಾಲ್ಕು ವರ್ಷ ಹಿಂಬಾಲಿಸಿದರು. ಜೈಲು ಜಾಸ್ತಿ ಆದರೂ ಮತ್ತೆ ಬಂಧನ ಆಗೋ ಪ್ರಮಾಣದಲ್ಲಿ ಗುರುತಿಸೋ ಅಂಥ ವ್ಯತ್ಯಾಸ ಕಾಣಲಿಲ್ಲ. ಪ್ರೊಬೇಷನ್ ಉದ್ದ ಆದರೂ ಕಾಣಲಿಲ್ಲ, ಇದನ್ನೂ ಹೇಳಬೇಕು. ಪ್ರೊಬೇಷನ್ ಮಾಯಾಮಂತ್ರ ಏನಲ್ಲ. ಆದರೆ ಎರಡರ ಫಲ ಒಂದೇ ಅಂದಮೇಲೆ, ಒಂದರಲ್ಲಿ ಆ ಮನುಷ್ಯ ಮನೆಯಲ್ಲೇ ಇದ್ದು ದುಡೀಬಹುದು, ಇನ್ನೊಂದರಲ್ಲಿ ಆಗಲ್ಲ.

ಮಿಷಿಗನ್‌ನಲ್ಲಿ ಡೇವಿಡ್ ಹಾರ್ಡಿಂಗ್ ತಂಡಕ್ಕೆ ಇನ್ನೊಂದು ವಿಚಿತ್ರ ಸಿಕ್ಕಿತು. ಪ್ರೊಬೇಷನ್ ಸಿಗಬಹುದಾಗಿದ್ದವನನ್ನ ಜೈಲಿಗೆ ಕಳಿಸಿದರೆ, ಬಿಡುಗಡೆಯಾದ ಮೂರು ವರ್ಷದೊಳಗೆ ಅವನು ಮತ್ತೆ ಜೈಲು ಸೇರೋ ಸಾಧ್ಯತೆ 18-19 ಶೇಕಡಾ ಅಂಶದಷ್ಟು ಏರುತ್ತೆ. ಬಹುಪಾಲು ಹೊಸ ಅಪರಾಧಕ್ಕಲ್ಲ, ಪೆರೋಲ್ ನಿಯಮ ಮುರಿದದ್ದಕ್ಕೆ. ಅಂದರೆ "ಮತ್ತೆ ಒಳಗೆ ಹೋದ" ಅನ್ನೋದಕ್ಕೂ "ಮತ್ತೆ ಕಳ್ಳತನ ಮಾಡಿದ" ಅನ್ನೋದಕ್ಕೂ ವ್ಯತ್ಯಾಸ ಇದೆ. ಯಾರಾದರೂ ಅಂಕಿಅಂಶ ತೋರಿಸಿದಾಗ ಅದು ಇವೆರಡರಲ್ಲಿ ಯಾವುದು ಅಂತ ಕೇಳಿ.

ಈಗ ನಾರ್ವೆ. ನನಗೆ ತುಂಬ ತಲೆಕೆಡಿಸಿದ್ದು ಇದು, ಯಾಕಂದ್ರೆ ಇಲ್ಲಿ ಗೆದ್ದಿದ್ದು ಜೈಲು. 2020ರಲ್ಲಿ ಭುಲ್ಲರ್, ಡಾಲ್, ಲೋಕೆನ್, ಮೊಗ್ಸ್ಟಾಡ್ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅಲ್ಲಿ ಜೈಲಿಗೆ ಹೋದವರು ಐದು ವರ್ಷದೊಳಗೆ ಮತ್ತೆ ಅಪರಾಧ ಮಾಡೋ ಸಾಧ್ಯತೆ ಸುಮಾರು 29 ಶೇಕಡಾ ಅಂಶ ಇಳಿದಿತ್ತು. ಹಾಗಾದರೆ ಮುದ್ದೆ ವಾದವೇ ಸರಿಯಾ? ಒಳಗೆ ಬಗೆದು ನೋಡಿದರೆ ಬೇರೇನೇ ಕಾಣುತ್ತೆ. ಲಾಭ ಆಗಿದ್ದು ಮೊದಲು ಕೆಲಸ ಇಲ್ಲದವರಿಗೆ. ಅವರು ಜೈಲಲ್ಲಿ ಉದ್ಯೋಗ ತರಬೇತಿಗೆ ಸೇರಿದರು, ಹೊರಗೆ ಬಂದು ಕೆಲಸ ಹಿಡಿದರು, ಅಪರಾಧ ಬಿಟ್ಟರು. ಮೊದಲೇ ಕೆಲಸ ಇದ್ದವರಿಗೆ ಜೈಲಿಂದ ಈ ಲಾಭ ಏನೂ ಆಗಲಿಲ್ಲ, ಇದ್ದ ಕೆಲಸಾನೂ ಹೋಯಿತು.

ಹಾಗಾಗಿ ನನ್ನ ಮಟ್ಟಿಗೆ ಕೇಳಬೇಕಾದ ಪ್ರಶ್ನೆ, ಶಿಕ್ಷೆ ಮುಗಿದ ದಿನ ಅವನ ಕೈಯಲ್ಲಿ ಕೆಲಸ ಇದೆಯಾ ಅನ್ನೋದು. ಕೊಲೆ, ಅತ್ಯಾಚಾರದ ಮಾತಲ್ಲ ಇದು. ಮೊಬೈಲ್ ಕದ್ದವನ, ಸಣ್ಣ ಮೋಸ ಮಾಡಿದವನ ಮಾತು.

ನಮ್ಮಲ್ಲಿ ಕಾನೂನು 1958ರಿಂದಲೇ ಇದೆ, ಅಪರಾಧಿಗಳ ಪರಿವೀಕ್ಷಣಾ ಕಾಯ್ದೆ. ಮರಣದಂಡನೆ, ಜೀವಾವಧಿ ಶಿಕ್ಷೆಗೆ ಅವಕಾಶ ಇರದ ಅಪರಾಧಗಳಲ್ಲಿ ಕೋರ್ಟು ಮೂರು ವರ್ಷದವರೆಗಿನ ಮುಚ್ಚಳಿಕೆ ಮೇಲೆ ಬಿಡಬಹುದು. 21 ವರ್ಷದೊಳಗಿನವರನ್ನ ಇಂಥ ಕೇಸಲ್ಲಿ ಜೈಲಿಗೆ ಕಳಿಸಬೇಕಾದರೆ ಜಡ್ಜ್ ಕಾರಣ ಬರೆದಿಡಲೇಬೇಕು. ಚೆನ್ನಾಗಿದೆ. ಆದರೆ ಪ್ರೊಬೇಷನ್ ಬರೋದು ತೀರ್ಪಾದ ಮೇಲೆ. ಎನ್‌ಸಿಆರ್‌ಬಿ ಲೆಕ್ಕದಲ್ಲಿ 2022ರ ಕೊನೆಗೆ ದೇಶದ ಜೈಲುಗಳಲ್ಲಿ ಇದ್ದ 5,73,220 ಜನರಲ್ಲಿ 4,34,302 ಮಂದಿ ವಿಚಾರಣಾಧೀನರು. ತೀರ್ಪೇ ಆಗಿಲ್ಲ! ಕೆಲಸ, ಬಾಡಿಗೆ ಮನೆ ಎಲ್ಲ ಕಳಕೊಂಡ ಮೇಲೆ "ಹೋಗಪ್ಪ, ಪ್ರೊಬೇಷನ್" ಅಂದರೆ ಏನು ಉಳಿದಿರುತ್ತೆ?

ಆ ಕಾಯ್ದೆಯ 12ನೇ ಸೆಕ್ಷನ್ ನಮಗೆ, ಅಂದರೆ ಇಂಟರ್ವ್ಯೂ ಪ್ಯಾನೆಲ್‌ನಲ್ಲಿ ಕೂರೋರಿಗೆ, ನೇರವಾಗಿ ಸಂಬಂಧಪಟ್ಟಿದ್ದು. ಪ್ರೊಬೇಷನ್ ಸಿಕ್ಕವನಿಗೆ, ಶಿಕ್ಷೆಗೊಳಗಾದವರಿಗೆ ಕಾನೂನು ಅಂಟಿಸೋ ಅನರ್ಹತೆ ಅಂಟೋದಿಲ್ಲ ಅಂತ ಅದು ಹೇಳುತ್ತೆ. ಆದರೆ ಅಪರಾಧ ಸಾಬೀತಾದದ್ದು ಅಳಿಸಿಹೋಗಲ್ಲ. ಬ್ಯಾಕ್‌ಗ್ರೌಂಡ್ ವೆರಿಫಿಕೇಷನ್ ಫಾರ್ಮ್‌ನಲ್ಲಿ "ಎಂದಾದರೂ ಶಿಕ್ಷೆಗೊಳಗಾಗಿದ್ದೀರಾ?" ಅಂತ ಇರುತ್ತಲ್ಲ, ಅಲ್ಲಿ ಅವನು "ಹೌದು" ಅಂತಲೇ ಬರೀಬೇಕು. ಬರೆದರೆ ಫೈಲು ಅಲ್ಲಿಗೇ ಮುಚ್ಚುತ್ತೆ.

ನಾನಿರೋ ಕಂಪನಿಯಲ್ಲೂ ಅದೇ ಫಾರ್ಮ್. ಆ ಪ್ರಶ್ನೆ ಕೆಳಗೆ ಇನ್ನೊಂದು ಸಾಲು ಸೇರಿಸಿ ಅಂತ ಎಚ್‌ಆರ್‌ಗೆ ಬರೆದಿದ್ದೀನಿ: ಯಾವ ಅಪರಾಧ, ಎಷ್ಟು ವರ್ಷದ ಹಿಂದೆ, ಕೋರ್ಟು ಪ್ರೊಬೇಷನ್ ಕೊಟ್ಟಿತ್ತಾ? ಎರಡು ಸಲ ನೆನಪಿಸಿದೆ, ಉತ್ತರ ಬಂದಿಲ್ಲ. ನಿಮ್ಮ ಕಂಪನಿಯ ಫಾರ್ಮ್ ಏನು ಕೇಳುತ್ತೆ? ಎಚ್‌ಆರ್‌ನಲ್ಲಿ ಇರೋರು ಯಾರಾದರೂ ಇದ್ದರೆ ಮೊದಲು ಅವರ ಕೈಗೇ ಮೈಕ್ ಕೊಡೋಣ.