ತಾಲೀಮು, ಅಭ್ಯಾಸ, ಅಣಕು



ಇಂಗ್ಲಿಷಿನ ‘ರಿಹರ್ಸಲ್’ ಎಂಬ ಪದಕ್ಕೆ ಕನ್ನಡದಲ್ಲಿ ಸಮಾನಾರ್ಥಕ ಪದಗಳನ್ನು ಬರೆಯಿರಿ ಎಂದರೆ ನೀವು ಏನೇನು ಬರೆಯುತ್ತೀರಿ? ತಾಲೀಮು, ಅಭ್ಯಾಸ, ಪೂರ್ವಾಭ್ಯಾಸ, ಸಾಧನೆ, ಕವಾಯತು, ಕಸರತ್ತು, ಪೂರ್ವಸಿದ್ಧತೆ, ಅಣಕು ಪ್ರದರ್ಶನ - ಹೀಗೆ ಪಟ್ಟಿ ಬೆಳೆಯುತ್ತದೆ. ಇವೆಲ್ಲ ಒಂದೇ ಬಳಗದ ಮಾತುಗಳು, ನಿಜ. ಆದರೆ ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟರೆ ವಾಕ್ಯ ಕುಂಟುತ್ತದೆ. ಏಕೆ ಕುಂಟುತ್ತದೆ ಎಂಬುದನ್ನು ಇಂದು ನೋಡೋಣ. ಪರೀಕ್ಷೆಗೆ ಕೂರುವವರಿಗೆ ಉಪಯೋಗವಾಗುವ ಒಂದು ವಿಷಯವೂ ಇದರಲ್ಲಿ ಅಡಗಿದೆ.

ಮೊದಲು ‘ರಿಹರ್ಸಲ್’ ಪದವನ್ನೇ ತೆಗೆದುಕೊಳ್ಳೋಣ. ಇದು ಹಳೆಯ ಫ್ರೆಂಚ್ ಭಾಷೆಯಿಂದ ಇಂಗ್ಲಿಷಿಗೆ ಬಂದದ್ದು. ಅದರ ಮೂಲದಲ್ಲಿರುವುದು ಒಂದು ಬೇಸಾಯದ ಸಾಧನ: ಉತ್ತ ಹೊಲದ ಹೆಂಟೆಗಳನ್ನು ಪುಡಿ ಮಾಡುವ ಹಲ್ಲಿನ ಕುಂಟೆ. ಉತ್ತ ನೆಲದ ಮೇಲೆ ಮತ್ತೊಮ್ಮೆ ಕುಂಟೆ ಹಾಯಿಸುವುದು ಎಂಬುದೇ ಮೊದಲಿನ ಅರ್ಥ. ರೈತರ ಮಕ್ಕಳಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಬಿತ್ತನೆಗೆ ಮುಂಚೆ ಹೊಲ ಹದಗೊಳ್ಳಬೇಕು.

ನಮ್ಮ ‘ತಾಲೀಮು’ ಅರಬ್ಬಿ ಮೂಲದ ಮಾತು. ಅಲ್ಲಿ ಅದಕ್ಕೆ ಕಲಿಸುವುದು, ಬೋಧನೆ ಎಂಬ ಅರ್ಥ. ಹಿಂದೂಸ್ತಾನಿ, ಮರಾಠಿಗಳ ಒಡನಾಟದಲ್ಲಿ ನಮ್ಮಲ್ಲಿಗೆ ಬಂದು ಅದು ಎರಡು ಕಡೆ ನೆಲೆಸಿತು. ಒಂದು ಕುಸ್ತಿಯ ಅಖಾಡ. ಉತ್ತರ ಕರ್ನಾಟಕದಲ್ಲಿ ಗರಡಿಮನೆಗೆ ತಾಲೀಮಖಾನೆ ಎನ್ನುವುದುಂಟು. ಇನ್ನೊಂದು ನಾಟಕದ ರಂಗ. ಎರಡು ಕಡೆಯೂ ಮುಂದೆ ಒಂದು ದಿನ ಗೊತ್ತಾಗಿರುತ್ತದೆ. ಕುಸ್ತಿಯ ದಿನ, ಪ್ರದರ್ಶನದ ದಿನ. ಆ ದಿನಕ್ಕಾಗಿ ನಡೆಯುವುದು ತಾಲೀಮು.

ಮೈಸೂರು ದಸರಾ ಆನೆಗಳ ತಾಲೀಮನ್ನು ನೋಡಿದರೆ ಈ ಪದದ ಅರ್ಥ ಸ್ಪಷ್ಟವಾಗುತ್ತದೆ. ಕಾಡಿನ ಶಿಬಿರಗಳಿಂದ ಬಂದ ಆನೆಗಳು ಹಲವು ವಾರಗಳ ಕಾಲ ಅರಮನೆಯಿಂದ ಬನ್ನಿಮಂಟಪದವರೆಗೆ, ಸುಮಾರು 5 ಕಿಲೋಮೀಟರ್ ದೂರ, ನಡೆಯುತ್ತವೆ. ಮೊದಲು ಬರಿಮೈ ನಡಿಗೆ. ಆಮೇಲೆ ಬೆನ್ನ ಮೇಲೆ ಮರಳಿನ ಮೂಟೆ. ತೂಕ ದಿನದಿನಕ್ಕೆ ಹೆಚ್ಚುತ್ತದೆ. ಅನಂತರ ಮರದ ಅಂಬಾರಿ. ಏಕೆಂದರೆ ವಿಜಯದಶಮಿಯಂದು ಹೊರಬೇಕಾದ ಚಿನ್ನದ ಅಂಬಾರಿಯ ತೂಕ ಸುಮಾರು 750 ಕಿಲೋಗ್ರಾಂ. ಕುಶಾಲತೋಪಿನ ಸದ್ದಿಗೆ ಬೆದರದಂತೆ ಪಿರಂಗಿ ಸಿಡಿಸಿಯೂ ಅಭ್ಯಾಸ ಮಾಡಿಸುತ್ತಾರೆ. ಅದೇ ದಾರಿ, ಅಷ್ಟೇ ಭಾರ, ಅದೇ ಸದ್ದು. ತಾಲೀಮಿನ ಲಕ್ಷಣ ಇದು: ನಿಜವಾದ ದಿನ ಏನೇನು ಎದುರಾಗುತ್ತದೋ ಅದನ್ನೆಲ್ಲ ಮೊದಲೇ ಎದುರಿಸುವುದು.

ಈಗ ‘ಅಭ್ಯಾಸ’ಕ್ಕೆ ಬರೋಣ. ಇದು ಸಂಸ್ಕೃತದ ಪದ. ಮರಳಿ ಮರಳಿ ಮಾಡುವುದು ಎಂದು ಅರ್ಥ. ಇದಕ್ಕೆ ಗೊತ್ತಾದ ದಿನ ಬೇಕಿಲ್ಲ. ‘ವಿದ್ಯಾಭ್ಯಾಸ’ ಎನ್ನುತ್ತೇವೆ, ‘ಯೋಗಾಭ್ಯಾಸ’ ಎನ್ನುತ್ತೇವೆ. ‘ಅವನಿಗೆ ನಶ್ಯದ ಅಭ್ಯಾಸ’ ಎಂದೂ ಹೇಳುತ್ತೇವೆ. ಒಳ್ಳೆಯದಾಗಲಿ ಕೆಟ್ಟದಾಗಲಿ, ಮರಳಿ ಮಾಡಿದ್ದು ಮೈಗೆ ಹತ್ತುತ್ತದೆ. ‘ಹಾಡ್ತಾ ಹಾಡ್ತಾ ರಾಗ, ನರಳ್ತಾ ನರಳ್ತಾ ರೋಗ’ ಎಂಬ ಗಾದೆ ಈ ಎರಡು ಮುಖಗಳನ್ನೂ ಒಟ್ಟಿಗೆ ಹಿಡಿದಿದೆ.

ತಾಳಮದ್ದಳೆಯ ಅರ್ಥಧಾರಿಗಳನ್ನು ನೆನೆಯಿರಿ. ಅವರ ಮಾತು ಆಶುವಾಗಿ, ಎದುರಾಳಿಯ ಮಾತಿಗೆ ತಕ್ಕಂತೆ ಅಲ್ಲಿಯೇ ಹುಟ್ಟುತ್ತದೆ. ಬರೆದಿಟ್ಟ ಸಂಭಾಷಣೆಯಿಲ್ಲ, ಅದರ ತಾಲೀಮೂ ಇಲ್ಲ. ಆದರೆ ಆ ಮಾತಿನ ಹಿಂದೆ ಹತ್ತಾರು ವರ್ಷಗಳ ಅಭ್ಯಾಸವಿರುತ್ತದೆ. ಅಂದಮೇಲೆ ತಾಲೀಮಿಲ್ಲದೆ ಕಲೆ ಇರಬಹುದು, ಅಭ್ಯಾಸವಿಲ್ಲದೆ ಇರಲಾರದು. ಅಂದಹಾಗೆ, ಯಕ್ಷಗಾನದ ‘ಪೂರ್ವರಂಗ’ವನ್ನು ಕೆಲವರು ರಿಹರ್ಸಲ್ ಎಂದು ಬರೆಯುತ್ತಾರೆ. ಹಾಗಲ್ಲ. ಅದು ಪ್ರಸಂಗಕ್ಕೆ ಮುಂಚೆ ಪ್ರೇಕ್ಷಕರ ಎದುರಿಗೇ ನಡೆಯುವ ಭಾಗ.

‘ಸಾಧನೆ’ ಸಂಗೀತಗಾರರ ಮಾತು. ದಿನವೂ ಕುಳಿತು ಸ್ವರ ಪಳಗಿಸುವುದಕ್ಕೆ ಸಾಧನೆ ಎನ್ನುತ್ತಾರೆ. ಹಿಂದೂಸ್ತಾನಿ ಪದ್ಧತಿಯಲ್ಲಿ ರಿಯಾಜ್ ಎನ್ನುತ್ತಾರೆ. ಅದರಿಂದ ದೊರೆತ ಫಲಕ್ಕೂ ನಮ್ಮಲ್ಲಿ ಸಾಧನೆ ಎಂದೇ ಹೆಸರು. ‘ಕವಾಯತು’ ಅರಬ್ಬಿಯ ‘ನಿಯಮಗಳು’ ಎಂಬ ಅರ್ಥದ ಪದದಿಂದ ಬಂದದ್ದು. ಹೆಜ್ಜೆಗೆ ಹೆಜ್ಜೆ ಕೂಡಬೇಕಾದಲ್ಲಿ ಮಾತ್ರ ಅದು ಸಲ್ಲುತ್ತದೆ. ‘ಕಸರತ್ತು’ ಗರಡಿಯಿಂದ ಹೊರಟು ಪತ್ರಿಕೆಗಳ ರಾಜಕೀಯ ಪುಟ ಸೇರಿದೆ. ‘ಟಿಕೆಟ್‌ಗಾಗಿ ಕಸರತ್ತು’ ಎಂಬಲ್ಲಿ ಕೊಂಚ ವ್ಯಂಗ್ಯವೂ ಇದೆ.

‘ಅಣಕು’ ಎಂದರೆ ಅನುಕರಿಸುವುದು. ಗೇಲಿ ಮಾಡುವುದು ಎಂಬ ಅರ್ಥವೂ ಇದೆ. ಆದರೆ ‘ಅಣಕು ಮತದಾನ’ದಲ್ಲಿ ಗೇಲಿಯೇನೂ ಇಲ್ಲ. ಚುನಾವಣೆಯ ದಿನ ಮತದಾನ ಆರಂಭವಾಗುವ ಮುನ್ನ ಪಕ್ಷಗಳ ಏಜೆಂಟರ ಎದುರಿನಲ್ಲಿ ಯಂತ್ರದಲ್ಲಿ ಕನಿಷ್ಠ 50 ಮತಗಳನ್ನು ಚಲಾಯಿಸಿ, ಎಣಿಸಿ, ಅಳಿಸುತ್ತಾರೆ. ಅಗ್ನಿಶಾಮಕ ದಳದವರು ಶಾಲೆಗಳಲ್ಲಿ ತೋರಿಸುವುದೂ ಅಣಕು ಪ್ರದರ್ಶನವೇ. ಎಂದಿಗೂ ಬಾರದಿರಲಿ ಎಂದು ನಾವು ಹಾರೈಸುವ ದಿನಕ್ಕಾಗಿ ಮಾಡಿಕೊಳ್ಳುವ ತಯಾರಿ ಅದು. ಹಾಗೆ ಮಾಡದವರನ್ನು ಕುರಿತು ನಮ್ಮ ಹಿರಿಯರು ‘ಯುದ್ಧಕಾಲೇ ಶಸ್ತ್ರಾಭ್ಯಾಸ’ ಎಂದೂ ‘ಬೆಂಕಿ ಬಿದ್ದಾಗ ಬಾವಿ ತೋಡಿದಂತೆ’ ಎಂದೂ ಹೇಳಿದ್ದಾರೆ.

ವಿಜ್ಞಾನಿಗಳೂ ತಾಲೀಮನ್ನು ಬಿಟ್ಟವರಲ್ಲ. ಚಂದ್ರಯಾನ-3 ಶ್ರೀಹರಿಕೋಟಾದಿಂದ ಹೊರಟದ್ದು 2023ರ ಜುಲೈ 14ರಂದು. ಅದಕ್ಕೆ ಕೆಲವೇ ದಿನ ಮೊದಲು ಉಡಾವಣೆಯ ಇಡೀ ಪ್ರಕ್ರಿಯೆಯನ್ನು 24 ಗಂಟೆಗಳ ಕಾಲ ನಡೆಸಿ ನೋಡಿದ್ದರು. ರಾಕೆಟ್ ಮಾತ್ರ ನೆಲ ಬಿಡಲಿಲ್ಲ. ಯಂತ್ರ ಕೆಲಸ ಮಾಡುತ್ತದೆಯೇ ಎಂದು ತಿಳಿಯುವುದು ಪ್ರಯೋಗ. ನಾವೆಲ್ಲ ಸೇರಿ ಈ ಕೆಲಸವನ್ನು ಸರಿಯಾದ ಕ್ರಮದಲ್ಲಿ, ಸರಿಯಾದ ವೇಳೆಗೆ ಮಾಡಬಲ್ಲೆವೇ ಎಂದು ತಿಳಿಯುವುದು ತಾಲೀಮು.

ಈಗ ನಿಮ್ಮ ಪರೀಕ್ಷೆಯ ಮಾತು. ‘ಪಾಠವನ್ನು ನಾಲ್ಕು ಸಲ ಓದಿದ್ದೇನೆ’ ಎನ್ನುತ್ತೀರಿ. ಅದು ಅಭ್ಯಾಸ ಹೌದು. ತಾಲೀಮು ಹೌದೇ? ಪರೀಕ್ಷಾ ಕೊಠಡಿಯಲ್ಲಿ ಪುಸ್ತಕ ಓದುವ ಕೆಲಸವಿಲ್ಲ. ಪುಸ್ತಕವಿಲ್ಲದೆ ನೆನಪಿಸಿಕೊಂಡು ಬರೆಯುವ ಕೆಲಸವಿದೆ. ಅಮೆರಿಕದ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಒಂದು ಗುಂಪಿನ ವಿದ್ಯಾರ್ಥಿಗಳು ಒಂದು ಪಾಠವನ್ನು ನಾಲ್ಕು ಅವಧಿ ಓದಿದರು. ಇನ್ನೊಂದು ಗುಂಪಿನವರು ಒಂದು ಅವಧಿ ಓದಿ, ಉಳಿದ ಮೂರು ಅವಧಿ ನೋಡದೆ ಬರೆದರು. ಐದು ನಿಮಿಷದ ಬಳಿಕ ಕೇಳಿದಾಗ ಓದಿದವರೇ ಮುಂದಿದ್ದರು. ಒಂದು ವಾರದ ಬಳಿಕ ಲೆಕ್ಕ ತಿರುಗಿತು. ಬರೆದು ನೋಡಿದವರಿಗೆ ಸುಮಾರು ಶೇ. 61ರಷ್ಟು ನೆನಪಿತ್ತು, ಬರೀ ಓದಿದವರಿಗೆ ಸುಮಾರು ಶೇ. 40. ಓದಿದ ಕೂಡಲೇ ‘ಎಲ್ಲ ಬರುತ್ತದೆ’ ಎನಿಸುವ ಧೈರ್ಯವನ್ನು ಎಷ್ಟು ನಂಬಬೇಕು ಎಂಬುದನ್ನು ನೀವೇ ಯೋಚಿಸಿ.

ಎಸ್ಸೆಸ್ಸೆಲ್ಸಿಯವರಿಗೆ ಶಾಲೆಯಲ್ಲಿ ‘ಪೂರ್ವಸಿದ್ಧತಾ ಪರೀಕ್ಷೆ’ ನಡೆಸುತ್ತಾರಲ್ಲ, ಹೆಸರು ಸಿದ್ಧತೆಯದಾದರೂ ಅದು ನಿಜವಾದ ತಾಲೀಮು. ಅದರ ಅಂಕಗಳು ಅಂತಿಮವಲ್ಲ ಎಂದು ಹಗುರವಾಗಿ ಕಾಣಬೇಡಿ. ಕಡಿಮೆ ಅಂಕ ಬಂತೆಂದು ಕುಗ್ಗಲೂಬೇಡಿ. ಮರಳಿನ ಮೂಟೆ ಹೊತ್ತಾಗ ಆನೆ ಎಲ್ಲಿ ತಡವರಿಸಿತು ಎಂದು ಮಾವುತ ಗಮನಿಸುತ್ತಾನೆ. ನೀವೂ ಅಷ್ಟೇ ಮಾಡಬೇಕು.

ಈ ವಾರ ಒಂದು ಕೆಲಸ ಮಾಡಿ. ಹಳೆಯ ಪ್ರಶ್ನೆಪತ್ರಿಕೆಯೊಂದನ್ನು ಎದುರಿಗಿಟ್ಟುಕೊಂಡು, ಪುಸ್ತಕ ಮುಚ್ಚಿ, ಗಡಿಯಾರ ನೋಡಿಕೊಂಡು, ಪರೀಕ್ಷೆಯಷ್ಟೇ ಹೊತ್ತು ಬರೆಯಿರಿ. ಆಮೇಲೆ ಪುಸ್ತಕ ತೆರೆದು ತಪ್ಪಿದ ಜಾಗಗಳಿಗೆ ಗುರುತು ಹಾಕಿ. ಮರುದಿನದ ಓದು ಆ ಗುರುತುಗಳಿಂದಲೇ ಶುರುವಾಗಲಿ.