ದವಡೆಯ ಎಲುಬು ಮತ್ತು ಮೂಳೆಯ ಮದ್ದು



ದವಡೆಯ ಎಲುಬು ಕೊಳೆಯುವ ರೋಗ ಕಾರ್ಮಿಕರಿಗೆ ಹೊಸದಲ್ಲ. 19ನೆಯ ಶತಮಾನದಲ್ಲಿ ಯೂರೋಪಿನ ಬೆಂಕಿಕಡ್ಡಿ ಕಾರ್ಖಾನೆಗಳಲ್ಲಿ ಬಿಳಿ ರಂಜಕದ ಹೊಗೆ ಕುಡಿದವರಿಗೆ ಅದು ತಗಲುತ್ತಿತ್ತು. 1906ರ ಬರ್ನ್ ಒಪ್ಪಂದಕ್ಕೆ ಸಹಿ ಹಾಕಿದ ದೇಶಗಳು ಆ ರಂಜಕವನ್ನು ನಿಷೇಧಿಸಿದವು. 2003ರಲ್ಲಿ ಅಂಥದೇ ರೋಗ ಮತ್ತೆ ವೈದ್ಯರ ಕಣ್ಣಿಗೆ ಬಿತ್ತು. ಈ ಸಲ ಕಾರಣ ಒಂದು ಮದ್ದು.

ಮೂಳೆ ಸವೆದವರಿಗೆ ಆಲೆಂಡ್ರೊನೇಟ್ ಮಾತ್ರೆ, ಮೂಳೆಗೆ ಕ್ಯಾನ್ಸರ್ ಹಬ್ಬಿದವರಿಗೆ ಜೊಲೆಡ್ರೊನಿಕ್ ಆಮ್ಲದ ಸೂಜಿ ಕೊಡುತ್ತಾರೆ. ಮೂಳೆ ಕರಗುವುದನ್ನು ಇವು ತಡೆಯುತ್ತವೆ. ಆದರೆ ಹಳೆಯದು ಕರಗದೆ ಹೊಸದು ಕೂಡದು. ಹಲ್ಲು ಕಿತ್ತ ಗುಳಿ ಕೆಲವರಲ್ಲಿ ಮಾಯುವುದೇ ಇಲ್ಲ.

ಗುರುತೇನು? ಈ ಮದ್ದು ತೆಗೆದುಕೊಂಡವರ ಬಾಯಲ್ಲಿ ಎಲುಬು ಹೊರಗೆ ಕಂಡು 8 ವಾರ ದಾಟಬೇಕು. ದವಡೆಗೆ ವಿಕಿರಣ ಚಿಕಿತ್ಸೆ ಆಗಿರಬಾರದು. ನೋವು, ಕೀವು, ಅಲುಗುವ ಹಲ್ಲು, ತುಟಿಯ ಜೋಮು ಕಂಡರೆ ಅಷ್ಟು ದಿನ ಕಾಯದೆ ವೈದ್ಯರ ಬಳಿ ಹೋಗಿ. ಔಷಧದ ನೀರಿನಿಂದ ಮುಕ್ಕಳಿಸುವುದು, ಸೋಂಕಿಗೆ ಮಾತ್ರೆ, ಬೇಕಾದರೆ ಸತ್ತ ಎಲುಬನ್ನು ಕೊಯ್ದು ತೆಗೆಯುವುದು ಇದರ ಚಿಕಿತ್ಸೆ.

ಹೆದರಿ ಮದ್ದು ಬಿಡಬೇಡಿ. ಮೂಳೆ ಸವೆತದ ಮಾತ್ರೆ ತಿನ್ನುವ 10,000 ಜನರಲ್ಲಿ ಸುಮಾರು 5 ಜನಕ್ಕೆ ಇದು ಬಂದರೆ ಹೆಚ್ಚು. ಸೊಂಟದ ಮೂಳೆ ಮುರಿದು ಹಾಸಿಗೆ ಹಿಡಿಯುವ ಮುದುಕರು ಅದಕ್ಕಿಂತ ಎಷ್ಟೋ ಪಾಲು. ಕ್ಯಾನ್ಸರಿನ ಸೂಜಿಯಲ್ಲಿ ಅಪಾಯ ಇನ್ನೂ ಹೆಚ್ಚು.

ನಾವು ಕೇಳುವುದಿಷ್ಟೆ: ಮೊದಲ ಸೂಜಿಗೆ ಮುಂಚೆ ಹಲ್ಲಿನ ವೈದ್ಯರು ಬಾಯಿ ನೋಡಲಿ, ಕೀಳಬೇಕಾದ ಹಲ್ಲನ್ನು ಆಗಲೇ ಕಿತ್ತು ಗಾಯ ಮಾಯಲಿ. ಹಣವುಳ್ಳವರಿಗೆ ಈ ಪರೀಕ್ಷೆ ಸುಲಭ; ಗಿರಣಿಯ ಆಳಿನ ತಾಯಿಗೂ ಅದು ಸರ್ಕಾರಿ ಆಸ್ಪತ್ರೆಯಲ್ಲಿ ಸಿಗಬೇಕು. ಹಲ್ಲು ಕೀಳಿಸಲು ಹೋಗುವಾಗ ಮದ್ದಿನ ಚೀಟಿಯನ್ನು ತಪ್ಪದೆ ತೋರಿಸಿ.