ಮಾಜಿ, ಹಂಗಾಮಿ, ನಾಮಿನಿ, ವಾರಸುದಾರ

(ಸಂಘದ ರಜತ ಮಹೋತ್ಸವದ ಅಂಗವಾಗಿ ನಡೆದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ನಾನು ಎಸ್.ಎಸ್.ಎಲ್.ಸಿ. ಮುಗಿಸಿ ಬೇಸಾಯಕ್ಕೆ ಇಳಿದವನು. ದೊಡ್ಡ ಭಾಷಣ ಮಾಡಿ ಅಭ್ಯಾಸವಿಲ್ಲ. ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ನಾಲ್ಕು ಮಾತಾಡು ಅಂತ ಹಿರಿಯರು ಅಪ್ಪಣೆ ಮಾಡಿದ್ದಾರೆ. ಷೇರು ಬಂಡವಾಳ, ಠೇವಣಿ, ಸಾಲ ವಸೂಲಾತಿ ಇವೆಲ್ಲ ವರದಿಯಲ್ಲಿ ಬಂದಿದೆ. ಆದ್ದರಿಂದ ನಾನು ಬೇರೆ ವಿಷಯ ಹೇಳುತ್ತೇನೆ. ಒಬ್ಬರ ಜಾಗಕ್ಕೆ ಇನ್ನೊಬ್ಬರು ಬಂದಾಗ ಅವರನ್ನು ಏನೆಂದು ಕರೀತೀವಿ? ಆ ಹೆಸರಿನಲ್ಲಿ ಎಷ್ಟು ಹಕ್ಕಿದೆ, ಎಷ್ಟಿಲ್ಲ? ಇದು ತಿಳಿಯದೆ ಎಷ್ಟೋ ಮನೆಗಳಲ್ಲಿ ಅಣ್ಣತಮ್ಮಂದಿರು ಮಾತು ಬಿಟ್ಟಿದ್ದಾರೆ.

ಮೊದಲು ನಮ್ಮ ಸಂಘದ ಮಾತುಗಳನ್ನೇ ನೋಡೋಣ. ಅಧಿಕಾರ ಬಿಟ್ಟವರೆಲ್ಲ ಮಾಜಿಗಳು. ಹೊಸಬರು ಬರುವುದಕ್ಕೆ ಸ್ವಲ್ಪ ಮುಂಚೆ ಇದ್ದವರು ಮಾತ್ರ ನಿಕಟಪೂರ್ವ ಅಧ್ಯಕ್ಷರು. ಮಾಜಿಗಳು ಎಷ್ಟು ಜನ ಬೇಕಾದರೂ ಇರಬಹುದು, ನಿಕಟಪೂರ್ವ ಒಬ್ಬರೇ. ಖಾಯಂ ಕಾರ್ಯದರ್ಶಿ ಇಲ್ಲದಾಗ ಇನ್ನೊಬ್ಬರಿಗೆ ಹೆಚ್ಚುವರಿ ಕೆಲಸ ಕೊಟ್ಟರೆ ಅವರು ಪ್ರಭಾರ. ಭಾರ ಅವರ ಹೆಗಲ ಮೇಲಿದೆ, ಹುದ್ದೆ ಅವರದಲ್ಲ.

ಇನ್ನು ಹಂಗಾಮಿ. ಇದು ನಾವು ರೈತರು ದಿನಾ ಆಡುವ ಮಾತು. ಮುಂಗಾರು ಹಂಗಾಮು, ಹಿಂಗಾರು ಹಂಗಾಮು ಅಂತೀವಲ್ಲ, ಅದೇ ಹಂಗಾಮು. ಪಾರಸಿಯಿಂದ ಬಂದ ಪದ, ಕಾಲ ಎಂದು ಅರ್ಥ. ಹಂಗಾಮಿ ಅಧ್ಯಕ್ಷ ಎಂದರೆ ಒಂದು ಹಂಗಾಮಿಗೆ ಮಾತ್ರ ಇರುವ ಅಧ್ಯಕ್ಷ. ರಾಗಿ ಕೊಯ್ದ ಮೇಲೆ ಹೊಲದಲ್ಲಿ ಕಾವಲುಗಾರನಿಗೆ ಏನು ಕೆಲಸ? ಅದೇ ರೀತಿ ಆಡಳಿತ ಮಂಡಳಿಯಲ್ಲಿ ಅವಧಿಯ ಮಧ್ಯೆ ಸ್ಥಾನ ಖಾಲಿಯಾಗಿ ಬಂದವರಿಗೂ ಉಳಿದ ಅವಧಿ ಮಾತ್ರ ಸಿಗುತ್ತದೆ, ಹೊಸದಾಗಿ ಐದು ವರ್ಷ ಸಿಗುವುದಿಲ್ಲ.

ಹಿಂದೆ ರಾಜರ ಕಾಲದಲ್ಲೂ ಇದಕ್ಕೆ ಮಾತುಗಳಿದ್ದವು. ಇಮ್ಮಡಿ ಪುಲಕೇಶಿ, ಮುಮ್ಮಡಿ ಕೃಷ್ಣರಾಜರು, ನಾಲ್ವಡಿ ಕೃಷ್ಣರಾಜರು ಅಂತೀವಿ. ಬೆಳೆ ಇಮ್ಮಡಿಯಾಯ್ತು ಎಂದರೆ ಎರಡರಷ್ಟಾಯ್ತು ಎಂದು ಅರ್ಥ. ಹಾಗೆ ನೋಡಿದರೆ ನಾಲ್ವಡಿಯವರು ಹೆಸರಿಗೆ ತಕ್ಕಂತೆಯೇ ಆಳಿದರು. ಆದರೆ 1894ರಲ್ಲಿ ತಂದೆ ತೀರಿಕೊಂಡಾಗ ಅವರಿಗೆ ಹತ್ತೇ ವರ್ಷ. 1902ರ ತನಕ ತಾಯಿ ವಾಣಿವಿಲಾಸ ಸನ್ನಿಧಾನದವರು ರೀಜೆಂಟರಾಗಿ ರಾಜ್ಯ ನೋಡಿಕೊಂಡು, ಮಗ ಕಲಿತು ದೊಡ್ಡವನಾದ ಮೇಲೆ ಅಧಿಕಾರ ಒಪ್ಪಿಸಿದರು. ಕಿತ್ತೂರಿನಲ್ಲಿ ಬೇರೆಯದೇ ಆಯಿತು. 1824ರಲ್ಲಿ ದತ್ತು ತೆಗೆದುಕೊಂಡ ಶಿವಲಿಂಗಪ್ಪನನ್ನು ಉತ್ತರಾಧಿಕಾರಿ ಎಂದು ಒಪ್ಪಲು ಕಂಪನಿಯವರು ತಯಾರಿರಲಿಲ್ಲ. ಚೆನ್ನಮ್ಮನವರು ಕತ್ತಿ ಹಿಡಿದರು. ಆ ಅಕ್ಟೋಬರ್‌ನಲ್ಲಿ ಕಲೆಕ್ಟರ್ ಥ್ಯಾಕರೆ ಯುದ್ಧದಲ್ಲಿ ಸತ್ತ. ಉತ್ತರಾಧಿಕಾರಿ ಎಂಬ ಒಂದು ಮಾತಿಗೆ ಅಷ್ಟು ರಕ್ತ ಹರಿಯಿತು.

ನಮ್ಮ ಹಳ್ಳಿಗಳಲ್ಲೂ ಪಟೇಲಿಕೆ, ಶ್ಯಾನುಭೋಗಿಕೆ ಅಪ್ಪನಿಂದ ಮಗನಿಗೆ ಬರುತ್ತಿತ್ತು. 1961ರ ಕಾಯ್ದೆ 1963ರಲ್ಲಿ ಜಾರಿಗೆ ಬಂದು ವಂಶಪಾರಂಪರ್ಯದ ಈ ಹುದ್ದೆಗಳು ಹೋದವು. ಲೆಕ್ಕ ಬರೆಯುವುದಕ್ಕೆ ಸರ್ಕಾರದ ಗ್ರಾಮ ಲೆಕ್ಕಿಗರು ಬಂದರು. ಹುದ್ದೆ ಬೇರೆ, ಆಸ್ತಿ ಬೇರೆ ಎಂಬುದು ಅಂದು ಇತ್ಯರ್ಥವಾಯಿತು. ನಮ್ಮ ಸಂಘದ ಸದಸ್ಯತ್ವವೂ ಹಾಗೆಯೇ. ಅಪ್ಪ ಸದಸ್ಯನಾಗಿದ್ದ ಮಾತ್ರಕ್ಕೆ ಮಗ ತಾನೇ ತಾನಾಗಿ ಸದಸ್ಯನಾಗುವುದಿಲ್ಲ. ಅರ್ಜಿ ಕೊಡಬೇಕು, ಮಂಡಳಿ ಸೇರಿಸಿಕೊಳ್ಳಬೇಕು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ದಯವಿಟ್ಟು ಗಮನ ಕೊಡಿ. ನಾಮಿನಿ ಬೇರೆ, ವಾರಸುದಾರ ಬೇರೆ.

ಒಬ್ಬ ಹುಡುಗ ಮದುವೆಗೆ ಮುಂಚೆ ಸಂಘಕ್ಕೆ ಸೇರುತ್ತಾನೆ ಅಂತ ಇಟ್ಟುಕೊಳ್ಳಿ. ಅರ್ಜಿಯಲ್ಲಿ ನಾಮಿನಿ ಎಂದು ತಮ್ಮನ ಹೆಸರು ಬರೆಸುತ್ತಾನೆ. ಆಮೇಲೆ ಮದುವೆಯಾಗಿ ಎರಡು ಮಕ್ಕಳಾಗುತ್ತವೆ. ಅರ್ಜಿ ಹಾಗೇ ಕಪಾಟಿನಲ್ಲಿರುತ್ತದೆ. ಅವನು ತೀರಿಕೊಂಡರೆ ಠೇವಣಿ ಯಾರಿಗೆ? ಸಂಘದವರು ಪುಸ್ತಕ ನೋಡಿ ತಮ್ಮನ ಕೈಗೆ ಕೊಡುತ್ತಾರೆ. ಸಂಘದ ಜವಾಬ್ದಾರಿ ಅಲ್ಲಿಗೆ ಮುಗಿಯಿತು. ಹೆಂಡತಿ ಮಕ್ಕಳು ಅವನ ಹತ್ತಿರ ಕೇಳಬೇಕು, ಕೊಡದಿದ್ದರೆ ಕೋರ್ಟು. ನಾಮಿನಿ ಹಣ ತೆಗೆದುಕೊಳ್ಳುವ ಕೈ ಮಾತ್ರ, ಹಕ್ಕು ವಾರಸುದಾರರದು ಎಂದು 1984ರಲ್ಲೇ ಜೀವವಿಮೆಯ ಒಂದು ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ವಿಮೆಯಲ್ಲಿ ಮಾತ್ರ 2015ರ ತಿದ್ದುಪಡಿಯಿಂದ ತಂದೆತಾಯಿ, ಗಂಡ ಹೆಂಡತಿ, ಮಕ್ಕಳು ನಾಮಿನಿಯಾಗಿದ್ದರೆ ಅವರಿಗೇ ಹಕ್ಕು ಎಂದಾಗಿದೆ. 2016ರಲ್ಲಿ ಪಶ್ಚಿಮ ಬಂಗಾಳದ ಒಂದು ಸಹಕಾರ ಸಂಘದ ವ್ಯಾಜ್ಯದಲ್ಲೂ, ಸಂಘದವರು ನಾಮಿನಿ ಹೆಸರಿಗೆ ಮಾಡಿಕೊಡಬೇಕು, ಹಕ್ಕಿನ ಜಗಳ ಮನೆಯವರು ಬೇರೆ ತೀರಿಸಿಕೊಳ್ಳಬಹುದು ಎಂದಾಯಿತು. ಆದ್ದರಿಂದ ನಾಮಿನಿ ಹೆಸರನ್ನು ನಂಬಿಕೆಯವರದೇ ಬರೆಸಿ, ಕಾಲಕ್ಕೆ ತಕ್ಕಂತೆ ಬದಲಾಯಿಸಿ.

ವಾರಸುದಾರ ಅಂದ ಕೂಡಲೇ ಗಂಡುಮಗ ಅಂತ ನಮ್ಮ ತಲೆಯಲ್ಲಿ ಕೂತಿದೆ. ಕಾನೂನಿನಲ್ಲಿ ಹಾಗಿಲ್ಲ. ಹಿಂದೂ ಕುಟುಂಬದ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಪಾಲು ಎಂದು ನಮ್ಮ ಕರ್ನಾಟಕ 1994ರಲ್ಲೇ ತಿದ್ದುಪಡಿ ತಂದಿತ್ತು, ಅದಕ್ಕೆ ಮುಂಚೆ ಮದುವೆಯಾದವರನ್ನು ಮಾತ್ರ ಬಿಟ್ಟು. 2005ರಲ್ಲಿ ಇಡೀ ದೇಶಕ್ಕೆ ಬಂತು, ಮದುವೆಯಾದವರೂ ಸೇರಿದರು. ವಾರಸುದಾರರಿಗೆ ಆಸ್ತಿಯ ಜೊತೆ ಸಾಲವೂ ಬರುತ್ತದೆ, ಬಂದ ಆಸ್ತಿಯ ಮಟ್ಟಿಗೆ. ತಂಗಿಗೆ ಪಾಲಿಲ್ಲ ಅನ್ನುವವರು ಸಾಲದ ನೋಟೀಸು ಬಂದಾಗ ಅವಳನ್ನೂ ಕರೆಯುವುದನ್ನು ನೋಡಿದ್ದೇವೆ!

ಇನ್ನೊಂದು ಮಾತು ಪೌತಿ ಖಾತೆ. ಪೌತಿ ಅಂದರೆ ಮರಣ, ಅರಬ್ಬಿಯಿಂದ ಬಂದ ಪದ. ಸತ್ತವರ ಹೆಸರಿನ ಜಮೀನು ವಾರಸುದಾರರ ಹೆಸರಿಗೆ ಆಗುವುದೇ ಪೌತಿ ಖಾತೆ. ತಾತ ಹೋಗಿ ಎಷ್ಟೋ ವರ್ಷವಾದರೂ ಪಹಣಿಯಲ್ಲಿ ತಾತನೇ ಬೇಸಾಯ ಮಾಡುತ್ತಿರುವ ಮನೆಗಳಿವೆ. ಅಂಥವರು ಬೆಳೆಸಾಲಕ್ಕೆ ಬಂದರೆ ನಾವು ಏನು ಮಾಡೋಣ? ಕೊಡಬೇಕೆಂದು ಮನಸ್ಸಿದ್ದರೂ ಕಾಗದ ಒಪ್ಪುವುದಿಲ್ಲ. ತಡ ಮಾಡಿದಷ್ಟೂ ವಂಶವೃಕ್ಷಕ್ಕೆ ಕೊಂಬೆ ಹೆಚ್ಚುತ್ತವೆ, ಸಹಿ ಹಾಕುವವರು ಊರೂರಿಗೆ ಚದುರುತ್ತಾರೆ. ಮರಣ ಪ್ರಮಾಣಪತ್ರ ತಂದ ಕೂಡಲೇ ಈ ಕೆಲಸ ಮುಗಿಸಿಕೊಳ್ಳಿ.

ಕಡೆಯದಾಗಿ ಸಂಘದ ವಾರಸುದಾರರ ಮಾತು. 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಶಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಸಂಘದಿಂದ ನಮ್ಮ ನಾಡಿನ ಸಹಕಾರ ಚಳವಳಿ ಶುರುವಾಯಿತು. ಕಟ್ಟಿದವರ ಹಿಂದೆ ನಡೆಸುವವರು ಬರದಿದ್ದರೆ ಅದು ಇಂದಿನ ತನಕ ನಮ್ಮೂರಿಗೆ ಮುಟ್ಟುತ್ತಿರಲಿಲ್ಲ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತಾರೆ. ಸೊಸೆಗೆ ಒಲೆ ಬಿಟ್ಟುಕೊಡುವ ಮುಂಚೆ ಅಡಿಗೆ ಕಲಿಸಬೇಕಾದವಳು ಅತ್ತೆಯೇ. ಹಿರಿಯರು ಲೆಕ್ಕಪುಸ್ತಕವನ್ನು ಯುವಕರಿಗೆ, ಹೆಣ್ಣುಮಕ್ಕಳಿಗೆ ತೋರಿಸಿ. ಯುವಕರೂ ಅಪ್ಪ ನೆಟ್ಟ ಆಲದ ಮರ ಅಂತ ಅದಕ್ಕೇ ಜೋತುಬೀಳದೆ, ಬೇಕಾದ್ದು ಉಳಿಸಿ, ಬೇಡವಾದ್ದು ತಿದ್ದಿ.

ಸಂಘದಲ್ಲಿ ನಾವೆಲ್ಲ ಒಂದು ಲೆಕ್ಕಕ್ಕೆ ಹಂಗಾಮಿಗಳೇ. ಖಾಯಂ ಆಗಿರಬೇಕಾದ್ದು ಸಂಘ. ಸದಸ್ಯರು ಮನೆಗೆ ಹೋಗುವ ಮುಂಚೆ ಕಾರ್ಯದರ್ಶಿಗಳ ಹತ್ತಿರ ತಮ್ಮ ನಾಮಿನಿ ಹೆಸರು ಒಂದು ಸಾರಿ ನೋಡಿಕೊಂಡು ಹೋಗಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಜೈ ಸಹಕಾರ.